ನೊಣದ ಮೈಯೂ ರೆಕ್ಕೆಯೂ

ಮಾಗಿದ ರಸಬಾಳೆಯ ಹಣ್ಣನ್ನು ಅಡಿಗೆಮನೆಯ ಮೂಲೆಯಲ್ಲಿ ಎರಡು ದಿನ ಮರೆತಿದ್ದರೆ ಸಾಕು, ಮೂರನೆಯ ದಿನ ಅದರ ಸುತ್ತ ಎಳ್ಳುಕಾಳಿನಷ್ಟು ಸಣ್ಣ ನೊಣಗಳು ಸುಳಿದಾಡುತ್ತಿರುತ್ತವೆ. ನಾವು ಅವನ್ನು ನುಸಿಯೆಂದೋ ಗುಂಗುರೆಂದೋ ಕರೆದು, ಕೈಬೀಸಿ ಓಡಿಸಿ, ಮರೆತುಬಿಡುತ್ತೇವೆ. ಶಾಸ್ತ್ರಜ್ಞರು ಈ ಜಾತಿಯ ನೊಣಗಳಿಗೆ ಡ್ರೊಸೊಫಿಲ ಎಂದು ಹೆಸರಿಟ್ಟಿದ್ದಾರೆ. ಇಬ್ಬನಿಯನ್ನು ಪ್ರೀತಿಸುವುದು ಎಂದು ಆ ಗ್ರೀಕ್ ಮಾತಿನ ಅರ್ಥ. ಹೆಸರು ಕವಿಗಳಿಗೊಪ್ಪುವಂಥದು, ನೊಣ ಮಾತ್ರ ಕೊಳೆತ ಹಣ್ಣಿನದು.

ಚರಿತ್ರೆಯೆಂದೊಡನೆ ರಾಜರ ವಂಶಾವಳಿಯೂ ಯುದ್ಧಗಳ ತೇದಿಗಳೂ ನೆನಪಿಗೆ ಬರುವುದು ಸಹಜ. ಈ ಹೊತ್ತು ನಾನು ಹೇಳಹೊರಟಿರುವುದು ಈ ನೊಣದ ಚರಿತ್ರೆಯಲ್ಲಿ ಒಂದು ಅಧ್ಯಾಯವನ್ನು. ಅದಕ್ಕೆ ಕಾರಣವುಂಟು. ಕಾಲೇಜಿನಲ್ಲಿ ವಿಕಾಸವಾದವನ್ನು ಪಾಠ ಹೇಳುವಾಗ ಪ್ರತಿ ವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳುತ್ತಾನೆ: “ಸಾರ್, ಇದೆಲ್ಲವೂ ಮೊದಲಿನಿಂದ ಇನ್ನೊಂದು ಸಲ ನಡೆದರೆ ಹೀಗೆಯೇ ನಡೆಯುವುದೋ?” ಬಹುಕಾಲ ನಾನು, “ಚರಿತ್ರೆಯನ್ನು ಎರಡು ಸಲ ನಡೆಸಿ ನೋಡಿದವರಾರಪ್ಪ?” ಎಂದು ಜಾರಿಕೊಳ್ಳುತ್ತಿದ್ದೆ. ಈಗ ಹಾಗೆ ಜಾರಿಕೊಳ್ಳುವಂತಿಲ್ಲ. ಒಂದು ಸಣ್ಣ ಸಂಗತಿಯಲ್ಲಿ, ನೊಣದ ಮೈಗೂ ರೆಕ್ಕೆಗೂ ಇರುವ ಸಂಬಂಧದಲ್ಲಿ, ಚರಿತ್ರೆ ಎರಡು ಸಲ ನಡೆದಿದೆ. ಅದನ್ನು ಮನುಷ್ಯರು ಅಳೆದೂ ನೋಡಿದ್ದಾರೆ.

ಮೈಗೂ ರೆಕ್ಕೆಗೂ ಏಕೆ ಸಂಬಂಧವಿರಬೇಕು? ಇದಕ್ಕೆ ಮೊದಲ ಉತ್ತರ ಕ್ಷೇತ್ರಗಣಿತದ್ದು. ಒಂದು ಪ್ರಾಣಿಯ ಉದ್ದ, ಅಗಲ, ದಪ್ಪ ಮೂರೂ ಎರಡರಷ್ಟಾದರೆ ಅದರ ತೂಕ ಎಂಟರಷ್ಟಾಗುವುದು. ರೆಕ್ಕೆಯ ಹರಹು ನಾಲ್ಕರಷ್ಟು ಮಾತ್ರ ಆಗುವುದು. ಅಂದರೆ ರೆಕ್ಕೆಯ ಪ್ರತಿಯೊಂದು ತುಣುಕೂ ಮೊದಲಿನ ಇಮ್ಮಡಿ ಭಾರವನ್ನು ಹೊರಬೇಕಾಗುವುದು. ಗೆಲಿಲಿಯೊ ೧೬೩೮ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಎಲುಬುಗಳ ವಿಚಾರವಾಗಿ ಇದೇ ತರ್ಕವನ್ನು ಹೂಡಿದ್ದನು. ಇಂಗ್ಲೆಂಡಿನ ಹಾಲ್ಡೇನರು ೧೯೨೬ರಲ್ಲಿ ಪ್ರಾಣಿಗಳ ತಕ್ಕ ಗಾತ್ರವನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನು ಸಾಮಾನ್ಯ ಓದುಗರಿಗೂ ತಿಳಿಯಹೇಳಿದರು. ಇದೇ ಹಾಲ್ಡೇನರು ೧೯೫೭ರಲ್ಲಿ ಭರತಖಂಡಕ್ಕೆ ಬಂದು ನೆಲಸಿ, ಇಲ್ಲಿಯೇ ೧೯೬೪ರಲ್ಲಿ ತೀರಿಕೊಂಡರು. ದೊಡ್ಡ ನೊಣವೆಂದರೆ ಸಣ್ಣ ನೊಣವನ್ನು ಭೂತಕನ್ನಡಿಯಲ್ಲಿ ಹಿಗ್ಗಿಸಿದ ಚಿತ್ರವಲ್ಲವೆಂಬುದೇ ಈ ಲೆಕ್ಕದ ಸಾರ. ಮೈ ಬೆಳೆದರೆ ಅಂಗಗಳ ಪ್ರಮಾಣವೂ ಬದಲಾಗಬೇಕು.

ಹೀಗೆ ಇಡೀ ಮೈಗೂ ಅದರ ಒಂದು ಅಂಗಕ್ಕೂ ಬೆಳವಣಿಗೆಯಲ್ಲಿ ಇರುವ ಪ್ರಮಾಣವನ್ನು ಸೂತ್ರದಲ್ಲಿ ಬರೆಯುವ ಕ್ರಮವನ್ನು ಜೂಲಿಯನ್ ಹಕ್ಸ್‌ಲಿಯವರು ರೂಢಿಗೆ ತಂದರು. ಈ ವಿಷಯದ ಮೇಲೆ ಅವರ ಗ್ರಂಥ ೧೯೩೨ರಲ್ಲಿ ಹೊರಬಂದಿತು. ನಾಲ್ಕು ವರ್ಷಗಳ ತರುವಾಯ ಅವರೂ ಫ್ರಾನ್ಸಿನ ಟೆಸಿಯೆ ಎಂಬ ವಿದ್ವಾಂಸರೂ ಕೂಡಿ ಇದಕ್ಕೆ ಅಲೊಮೆಟ್ರಿ ಎಂದು ಹೆಸರು ಕೊಟ್ಟರು.

ಸೂತ್ರವನ್ನು ಬರೆದದ್ದಾಯಿತು. ಆದರೆ ಪ್ರಕೃತಿಯು ಈ ಸೂತ್ರಕ್ಕೆ ಎಷ್ಟರಮಟ್ಟಿಗೆ ಕಟ್ಟುಬಿದ್ದಿದೆ? ರೆಕ್ಕೆಯನ್ನು ಮೈಯಿಂದ ಬೇರೆಯಾಗಿ ಬದಲಾಯಿಸುವುದು ಸಾಧ್ಯವೇ ಇಲ್ಲವೆ? ಅಮೆರಿಕದ ನ್ಯೂಯಾರ್ಕ್ ನಗರದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ನರ ಚಿಕ್ಕ ಕೊಠಡಿಯೊಂದು ಹಾಲಿನ ಸೀಸೆಗಳಿಂದಲೂ ಬಾಳೆಯಹಣ್ಣಿನ ವಾಸನೆಯಿಂದಲೂ ತುಂಬಿತ್ತು. ಆ ಸೀಸೆಗಳಲ್ಲಿ ಸಾಕಿದ ನೊಣಗಳ ನಡುವೆ ೧೯೧೦ರಿಂದಾಚೆಗೆ ವಿಚಿತ್ರವಾದ ತಳಿಗಳು ಒಂದೊಂದಾಗಿ ಕಾಣಿಸಿಕೊಂಡವು. ಒಂದರ ಕಣ್ಣು ಬಿಳಿ, ಒಂದರ ರೆಕ್ಕೆ ಚಿಕ್ಕದು, ಮತ್ತೊಂದರದು ಬರಿಯ ಮೊಟಕು. ಮೊಟಕು ರೆಕ್ಕೆಯ ನೊಣದ ಮೈ ಹೆಚ್ಚುಕಡಮೆ ಉಳಿದ ನೊಣಗಳಂತೆಯೇ ಇರುತ್ತದೆ. ಹಾರುವುದಕ್ಕೆ ಮಾತ್ರ ಅದಕ್ಕೆ ಆಗದು. ಒಂದೇ ಒಂದು ಬೀಜಗುಣ ಕೆಟ್ಟರೆ ರೆಕ್ಕೆಯು ಮೈಯ ಸಹವಾಸವನ್ನು ಬಿಡಬಲ್ಲದೆಂದು ಇದರಿಂದ ಸಿದ್ಧವಾಯಿತು.

ಅಂಥ ನೊಣ ಹೊರಗಿನ ಲೋಕದಲ್ಲಿ ಬದುಕುವುದೆ? ಇದನ್ನು ಪರೀಕ್ಷಿಸಿದವರಲ್ಲಿ ಅದೇ ಟೆಸಿಯೆಯವರೂ ಒಬ್ಬರು. ಅವರೂ ಅವರ ಜೊತೆಗಾರರೂ ಪೂರ್ಣ ರೆಕ್ಕೆಯ ನೊಣಗಳನ್ನೂ ಮೊಟಕು ರೆಕ್ಕೆಯವನ್ನೂ ಬೆರಸಿ ಗಾಳಿಗೆ ಒಡ್ಡಿದರು. ೧೯೩೭ರಲ್ಲಿ ಅವರು ಪ್ರಕಟಿಸಿದ ಫಲ ಕುತೂಹಲಕರವಾದದ್ದು. ಬಲವಾದ ಗಾಳಿಯಿದ್ದಲ್ಲಿ ರೆಕ್ಕೆಯುಳ್ಳವು ಹಾರಿಹೋದವು, ಮೊಟಕು ರೆಕ್ಕೆಯವು ಹೆಚ್ಚಿದವು. ಡಾರ್ವಿನ್ನರು ಮದೀರ ದ್ವೀಪದ ಹಾರಲಾರದ ಜೀರುಂಡೆಗಳನ್ನು ಕುರಿತು ಮಾಡಿದ್ದ ಊಹೆಗೆ ಇದು ಬೆಂಬಲವಾಯಿತು. ರೆಕ್ಕೆ ಎಷ್ಟಿರಬೇಕೆಂಬುದನ್ನು ತೀರ್ಮಾನಿಸುವುದರಲ್ಲಿ ನೊಣದ ಮೈಗೆ ಮಾತ್ರವಲ್ಲದೆ ಅದು ಬಾಳುವ ನೆಲಕ್ಕೂ ಗಾಳಿಗೂ ಪಾಲುಂಟು.

ಗಾಳಿಗಿಂತ ವ್ಯಾಪಕವಾದದ್ದು ಶೀತೋಷ್ಣ. ನೊಣವು ರೆಕ್ಕೆ ಬಂದ ಮೇಲೆ ಬೆಳೆಯುವುದಿಲ್ಲ. ಅದರ ಗಾತ್ರವೆಲ್ಲ ಹುಳುವಿನ ಅವಸ್ಥೆಯಲ್ಲಿಯೇ ನಿಶ್ಚಯವಾಗಿಬಿಡುತ್ತದೆ. ಹುಳುವನ್ನು ತಂಪಿನಲ್ಲಿ ಬೆಳೆಸಿದರೆ ನೊಣ ದೊಡ್ಡದಾಗುವುದನ್ನು ಅಲ್ಪಾಟೊವ್ ಮತ್ತು ಪರ್ಲ್ ಎಂಬ ವಿದ್ವಾಂಸರು ೧೯೨೯ರಲ್ಲಿ ವರ್ಣಿಸಿದರು. ತಂಪಿನಲ್ಲಿ ಬೆಳೆದ ನೊಣದ ರೆಕ್ಕೆ ಮೈಗಿಂತಲೂ ಹೆಚ್ಚಿನ ಪ್ರಮಾಣದಲ್ಲಿ ದೊಡ್ಡದಾಗುತ್ತದೆ. ಇದರ ಪ್ರಯೋಜನವನ್ನು ಊಹಿಸುವುದು ಕಷ್ಟವಲ್ಲ. ಬೆಚ್ಚನೆಯ ಗಾಳಿಯಲ್ಲಿ ಈ ನೊಣ ಸೆಕೆಂಡಿಗೆ ಸುಮಾರು ಇನ್ನೂರು ಸಲ ರೆಕ್ಕೆ ಬಡಿಯುತ್ತದೆ. ಚಳಿಯಲ್ಲಿ ಮಾಂಸಖಂಡಗಳ ಚುರುಕು ಕುಗ್ಗಿ ಬಡಿತ ಕಡಮೆಯಾಗುವುದು. ಬಡಿತ ಕಡಮೆಯಾದಾಗ ಮೈಯನ್ನು ಎತ್ತಿಹಿಡಿಯಲು ಅಗಲವಾದ ರೆಕ್ಕೆ ಬೇಕು.

ಇಷ್ಟೇ ಆಗಿದ್ದರೆ ಇದು ಒಂದೊಂದು ನೊಣದ ಜೀವಮಾನದ ವಿಷಯವಾಗಿರುತ್ತಿತ್ತು, ಚರಿತ್ರೆಯಾಗುತ್ತಿರಲಿಲ್ಲ. ಬಾರ್ಸಿಲೋನದ ಆಂಟೋನಿಯೊ ಪ್ರೆವೋಸ್ತಿಯವರು ಯೂರೋಪಿನ ಬೇರೆ ಬೇರೆ ಅಕ್ಷಾಂಶಗಳಿಂದ ಡ್ರೊಸೊಫಿಲ ಸಬೋಬ್ಸ್ಕೂರ ಎಂಬ ಜಾತಿಯ ನೊಣಗಳನ್ನು ತರಿಸಿ ಅಳೆದರು. ದಕ್ಷಿಣದಿಂದ ಉತ್ತರಕ್ಕೆ ಹೋದಂತೆಲ್ಲ ರೆಕ್ಕೆಯ ಉದ್ದ ಕ್ರಮವಾಗಿ ಹೆಚ್ಚುವುದೆಂದು ೧೯೫೫ರಲ್ಲಿ ತೋರಿಸಿದರು. ಎಲ್ಲ ನೊಣಗಳನ್ನೂ ಒಂದೇ ಉಷ್ಣದಲ್ಲಿ, ಒಂದೇ ಆಹಾರದಲ್ಲಿ ಸಾಕಿದರೂ ಈ ಅಂತರ ಅಳಿಯುವುದಿಲ್ಲ. ಆದುದರಿಂದ ಇದು ತಾಯಿತಂದೆಗಳಿಂದ ಬಂದ ಗುಣ. ಪ್ರಕೃತಿಯ ಆಯ್ಕೆ ತಲೆಮಾರುಗಳ ಮೇಲೆ ಬರೆದ ಬರಹ. ಇಂಥ ಗಾತ್ರಶ್ರೇಣಿಗಳು ಬೇರೆ ಜಾತಿಗಳಲ್ಲಿಯೂ ಬೇರೆ ಖಂಡಗಳಲ್ಲಿಯೂ ಕಂಡುಬಂದಿವೆ. ನಮ್ಮ ದೇಶದ ನೊಣಗಳಲ್ಲಿಯೂ ದಕ್ಷಿಣದಿಂದ ಉತ್ತರಕ್ಕೆ ಅಂಥ ಏರಿಕೆಯನ್ನು ಗುರುತಿಸಿದ್ದಾರೆ. ಚಳಿಯಲ್ಲಿ ಮೈಯೇ ಏಕೆ ದೊಡ್ಡದಾಗಬೇಕೆಂಬುದಕ್ಕೆ ಮಾತ್ರ ಎಲ್ಲರೂ ಒಪ್ಪಿದ ಉತ್ತರವಿಲ್ಲ. ಬರ್ಗ್‌ಮನ್ನರು ೧೮೪೭ರಲ್ಲಿ ಬಿಸಿರಕ್ತದ ಪ್ರಾಣಿಗಳಿಗೆ ಹೇಳಿದ, ಮೈಶಾಖವನ್ನು ಉಳಿಸಿಕೊಳ್ಳುವ ಕಾರಣ ಇಲ್ಲಿ ಸಲ್ಲದು. ಇಷ್ಟು ಸಣ್ಣ ನೊಣದ ಮೈಯಲ್ಲಿ ಉಳಿಸಿಕೊಳ್ಳುವಷ್ಟು ಶಾಖವಿಲ್ಲ.

ಈ ಬರಹಕ್ಕೆ ಎಷ್ಟು ಕಾಲ ಹಿಡಿಯಿತು? ಸಾವಿರ ವರ್ಷವೋ, ಹತ್ತು ಸಾವಿರವೋ? ಯೂರೋಪಿನ ನೊಣಗಳನ್ನು ನೋಡಿ ಇದನ್ನು ಹೇಳಲಾಗದು. ಅಲ್ಲಿ ಕೆಲಸ ನಡೆದುಹೋಗಿತ್ತು. ಉತ್ತರ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ.

೧೯೭೮ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದ ಪುಯರ್ತೊ ಮಾಂಟ್ ಎಂಬ ರೇವುಪಟ್ಟಣದಲ್ಲಿ ಈ ಸಬೋಬ್ಸ್ಕೂರ ನೊಣ ಕಾಣಿಸಿಕೊಂಡಿತು. ಅದುವರೆಗೆ ಅದು ಹೊಸ ಜಗತ್ತಿನಲ್ಲಿ ಇರಲೇ ಇಲ್ಲ. ೧೯೮೨ರಲ್ಲಿ ಉತ್ತರ ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಪೋರ್ಟ್ ಟೌನ್‌ಸೆಂಡ್ ಎಂಬ ಇನ್ನೊಂದು ರೇವಿನಲ್ಲಿಯೂ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಬ್ರಿಟಿಷ್ ಕೊಲಂಬಿಯದಿಂದ ಕ್ಯಾಲಿಫೋರ್ನಿಯದವರೆಗೆ ಪಶ್ಚಿಮ ತೀರವನ್ನೆಲ್ಲ ಆಕ್ರಮಿಸಿತು. ವರ್ಣತಂತುಗಳನ್ನು ಪರೀಕ್ಷಿಸಿದಾಗ ಎರಡು ಅಮೆರಿಕಗಳ ನೊಣಗಳೂ ಸಮೀಪದ ಬಂಧುಗಳೆಂದೂ, ಮೊದಲು ಬಂದಿಳಿದವು ಕೆಲವೇ ಎಂದೂ ಗೊತ್ತಾಯಿತು. ಬೆರಳೆಣಿಕೆಯ ವಲಸೆಗಾರರು ಹೊಸ ಖಂಡದಲ್ಲಿ ದೊಡ್ಡ ಸಂಸಾರವನ್ನು ಹೂಡಿದರು.

ನನ್ನ ವಿದ್ಯಾರ್ಥಿಯ ಪ್ರಶ್ನೆ ಪರೀಕ್ಷೆಗೆ ನಿಂತದ್ದು ಇಲ್ಲಿ. ಅದೇ ನೊಣ, ಅದೇ ಬಗೆಯ ಅಕ್ಷಾಂಶಗಳು, ಹೊಸ ನೆಲ. ನಾಟಕ ಎರಡನೆಯ ಸಲ ಪ್ರಾರಂಭವಾಯಿತು. ವಲಸೆಯಾದ ಸುಮಾರು ಹತ್ತು ವರ್ಷಗಳ ಮೇಲೆ ಉತ್ತರ ಅಮೆರಿಕದ ನೊಣಗಳನ್ನು ಅಳೆದಾಗ ದಕ್ಷಿಣೋತ್ತರ ಅಂತರವೇನೂ ಕಾಣಲಿಲ್ಲ. ಇಪ್ಪತ್ತು ವರ್ಷಗಳಾದ ಮೇಲೆ ರೇಮಂಡ್ ಹ್ಯೂಯಿ, ಜಾರ್ಜ್ ಗಿಲ್‌ಕ್ರಿಸ್ಟ್ ಮೊದಲಾದವರು ಮತ್ತೆ ಅಳೆದರು. ಯೂರೋಪಿನ ನೊಣಗಳನ್ನೂ ಅಮೆರಿಕದವನ್ನೂ ಹಲವು ತಲೆಮಾರು ಒಂದೇ ಸ್ಥಿತಿಯಲ್ಲಿ ಸಾಕಿ, ಆಮೇಲೆ ರೆಕ್ಕೆಗಳನ್ನು ಹೋಲಿಸಿದರು. ಅವರ ವರದಿ ಪ್ರಕಟವಾದದ್ದು ೨೦೦೦ದಲ್ಲಿ. ಅಮೆರಿಕದಲ್ಲಿಯೂ ಉತ್ತರದ ನೊಣಗಳ ರೆಕ್ಕೆ ದಕ್ಷಿಣದವಕ್ಕಿಂತ ಉದ್ದವಾಗಿತ್ತು. ಅದರಲ್ಲಿಯೂ ಹೆಣ್ಣು ನೊಣಗಳ ಶ್ರೇಣಿ ಯೂರೋಪಿನದನ್ನು ಬಹುಮಟ್ಟಿಗೆ ಹೋಲುತ್ತಿತ್ತು. ಸಾವಿರಾರು ವರ್ಷ ಬೇಕೆಂದುಕೊಂಡಿದ್ದ ಕಾರ್ಯಕ್ಕೆ ಇಪ್ಪತ್ತು ವರ್ಷ ಸಾಕಾಗಿತ್ತು. ದಕ್ಷಿಣ ಅಮೆರಿಕದಲ್ಲಿಯೂ ಇದೇ ದಿಕ್ಕಿನ ಶ್ರೇಣಿ ತರುವಾಯ ಕಂಡುಬಂದಿತು.

ವಿದ್ಯಾರ್ಥಿಗೆ “ಹೌದಪ್ಪ, ಹಾಗೆಯೇ ನಡೆಯುವುದು” ಎಂದು ಹೇಳಿಬಿಡಬಹುದೆಂದು ತೋರುತ್ತದೆ. ಆದರೆ ಆ ವಿದ್ವಾಂಸರು ರೆಕ್ಕೆಯ ಒಟ್ಟು ಉದ್ದವನ್ನು ಅಳೆದು ಸುಮ್ಮನಾಗಲಿಲ್ಲ. ಎಲೆಯಲ್ಲಿ ನರಗಳಿರುವಂತೆ ನೊಣದ ರೆಕ್ಕೆಯಲ್ಲಿಯೂ ಉದ್ದನರಗಳೂ ಅಡ್ಡನರಗಳೂ ಇವೆ. ಅಡ್ಡನರವನ್ನು ಗಡಿಯಾಗಿಟ್ಟುಕೊಂಡು ರೆಕ್ಕೆಯ ಬುಡದ ಭಾಗವನ್ನೂ ತುದಿಯ ಭಾಗವನ್ನೂ ಬೇರೆ ಬೇರೆ ಅಳೆದಾಗ ಆಶ್ಚರ್ಯವೊಂದು ಹೊರಬಿತ್ತು. ಯೂರೋಪಿನಲ್ಲಿ ರೆಕ್ಕೆ ಉದ್ದವಾದದ್ದು ಮುಖ್ಯವಾಗಿ ಬುಡದ ಭಾಗ ಬೆಳೆದು. ಉತ್ತರ ಅಮೆರಿಕದಲ್ಲಿ ಮುಖ್ಯವಾಗಿ ತುದಿಯ ಭಾಗ ಬೆಳೆದು. ಗಾತ್ರ ಒಂದೇ, ಆಕಾರ ಬೇರೆ. ಎರಡು ಊರಿನ ಜನ ಒಂದೇ ಎತ್ತರದ ಗೋಪುರವನ್ನು ಕಟ್ಟಿ, ಒಬ್ಬರು ತಳವನ್ನು ಎತ್ತರಿಸಿ ಇನ್ನೊಬ್ಬರು ಶಿಖರವನ್ನು ಎತ್ತರಿಸಿದ ಹಾಗಾಯಿತು.

ರೆಕ್ಕೆಯನ್ನು ದೊಡ್ಡದುಮಾಡಲು ಹೀಗೆ ಹಲವು ದಾರಿಗಳಿರುವುದು ಬೇರೆ ನೊಣಗಳಲ್ಲಿಯೂ ಕಂಡಿದೆ. ರೆಕ್ಕೆ ಸಣ್ಣ ಸಣ್ಣ ಜೀವಕೋಶಗಳಿಂದಾದದ್ದು. ಕೋಶಗಳ ಸಂಖ್ಯೆ ಹೆಚ್ಚಿದರೂ ಅದು ದೊಡ್ಡದಾಗುವುದು, ಒಂದೊಂದು ಕೋಶವೂ ಹಿಗ್ಗಿದರೂ ದೊಡ್ಡದಾಗುವುದು. ಲಿಂಡ ಪಾರ್‌ಟ್ರಿಜ್‌ರೂ ಜೊತೆಗಾರರೂ ಮಾರ್ಗನ್ನರ ನೊಣದ ಜಾತಿಯನ್ನೇ ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ೧೬.೫ ಡಿಗ್ರಿ ಮತ್ತು ೨೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಬೇರೆ ಬೇರೆ ಸಾಕಿದರು. ತಂಪಿನಲ್ಲಿದ್ದವು ದೊಡ್ಡದಾದದ್ದು ಕೋಶಗಳು ಹಿಗ್ಗಿ ಎಂದು ೧೯೯೪ರಲ್ಲಿ ತಿಳಿಸಿದರು. ಆಸ್ಟ್ರೇಲಿಯದ ಪೂರ್ವತೀರದ ಕಾಡುನೊಣಗಳ ಶ್ರೇಣಿಯನ್ನು ಪರೀಕ್ಷಿಸಿದಾಗ ಅಲ್ಲಿ ಬಹುಮಟ್ಟಿಗೆ ಕೋಶಗಳ ಸಂಖ್ಯೆಯೇ ಹೆಚ್ಚಿತ್ತೆಂದು ೧೯೯೫ರಲ್ಲಿ ಗೊತ್ತಾಯಿತು.

ಹಾಗಾದರೆ ಆಕಾರವು ಹೇಗೆ ಬೇಕಾದರೂ ಹೋಗಬಹುದೆ? ಗಾತ್ರಕ್ಕೂ ಆಕಾರಕ್ಕೂ ಇರುವ ಕಟ್ಟು ಅಷ್ಟು ಸಡಿಲವೆ? ಈ ಪ್ರಶ್ನೆಯನ್ನು ಕೈಯಾರೆ ಪರೀಕ್ಷಿಸಿದವರೂ ಇದ್ದಾರೆ. ಸ್ಕಾಟ್ಲೆಂಡಿನ ಎಡಿನ್‌ಬರೊದ ರಾಬರ್ಟ್‌ಸನ್ನರು ರೆಕ್ಕೆಗೂ ಎದೆಗೂ ಇರುವ ಅಳತೆಯ ಪ್ರಮಾಣವನ್ನೇ ನೋಡಿ ನೊಣಗಳನ್ನು ಆರಿಸಿ ತಳಿಮಾಡಿ, ಆ ಪ್ರಮಾಣವನ್ನು ಬದಲಾಯಿಸಬಹುದೆಂದು ೧೯೬೨ರಲ್ಲಿ ತೋರಿಸಿದರು. ಇದಕ್ಕಿಂತ ಸೂಕ್ಷ್ಮವಾದ ಪ್ರಯೋಗದ ಫಲ ೨೦೧೫ರಲ್ಲಿ ಪ್ರಕಟವಾಯಿತು. ಅದನ್ನು ತಿಳಿಯಲು ದರ್ಜಿಯ ಅಂಗಡಿಗೆ ಹೋಗಿಬರೋಣ.

ದರ್ಜಿಯು ಎದೆಯ ಸುತ್ತಳತೆಯನ್ನು ನೋಡಿ ತೋಳಿನ ಉದ್ದವನ್ನು ನಿಶ್ಚಯಿಸುತ್ತಾನೆಂದಿಟ್ಟುಕೊಳ್ಳಿ. ಅವನ ಪದ್ಧತಿಯನ್ನು ಎರಡು ರೀತಿಯಲ್ಲಿ ಬದಲಾಯಿಸಬಹುದು. ಎಲ್ಲರ ತೋಳನ್ನೂ ಒಂದೇ ಸಮನಾಗಿ ಎರಡು ಬೆರಳು ಉದ್ದಮಾಡಬಹುದು; ಇದು ಒಂದು. ಎದೆ ಒಂದಂಗುಲ ಹೆಚ್ಚಿದರೆ ತೋಳು ಎಷ್ಟು ಹೆಚ್ಚಬೇಕೆಂಬ ಲೆಕ್ಕವನ್ನೇ ಬದಲಾಯಿಸಬಹುದು, ಇದು ಇನ್ನೊಂದು. ನೊಣದ ರೆಕ್ಕೆಯ ಆಕಾರ ಅದರ ಗಾತ್ರದೊಡನೆ ಬದಲಾಗುವುದರಲ್ಲಿಯೂ ಇಂಥ ಒಂದು ಲೆಕ್ಕವುಂಟು. ಡ್ರೊಸೊಫಿಲದ ವಂಶಕ್ಕೆ ಸೇರಿದ ೧೧೧ ಜಾತಿಗಳನ್ನು ಅಳೆದಾಗ, ಅವು ಒಂದರಿಂದೊಂದು ಅಗಲಿ ಕಡಮೆಯೆಂದರೂ ಐದು ಕೋಟಿ ವರ್ಷಗಳಾಗಿದ್ದರೂ, ಲೆಕ್ಕ ಹೆಚ್ಚುಕಡಮೆ ಒಂದೇ ಆಗಿತ್ತು. ಅಷ್ಟು ಗಟ್ಟಿಯಾದದ್ದನ್ನು ಬದಲಾಯಿಸಲಾದೀತೆ? ಪ್ರಯೋಗಗಾರರು ಪ್ರತಿ ತಲೆಮಾರಿನಲ್ಲಿಯೂ ನೊಣಗಳನ್ನು ಆರಿಸುತ್ತ ಹೋಗಿ, ಕೇವಲ ೨೬ ತಲೆಮಾರುಗಳಲ್ಲಿ ಆ ಲೆಕ್ಕವನ್ನು ೧೧೧ ಜಾತಿಗಳ ಹೊರ ಎಲ್ಲೆಯವರೆಗೆ ಎಳೆದರು. ಐದು ಕೋಟಿ ವರ್ಷ ಅಲುಗದೆ ನಿಂತದ್ದು ಸ್ವಲ್ಪ ಕಾಲದಲ್ಲಿಯೇ ಅಲುಗಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆರಿಸುವುದನ್ನು ನಿಲ್ಲಿಸಿದೊಡನೆ ಲೆಕ್ಕವು ಬೇಗಬೇಗನೆ ಹಿಂದಿನ ಸ್ಥಾನಕ್ಕೆ ಮರಳಿತು. ಇನ್ನೊಂದು ಗುಂಪಿನಲ್ಲಿ ಅವರು ಎಲ್ಲ ಗಾತ್ರದ ನೊಣಗಳ ಆಕಾರವನ್ನೂ ಒಂದೇ ಸಮನಾಗಿ ಬದಲಾಯಿಸಿದ್ದರು. ಆ ಗುಂಪಿನ ಆಕಾರ ಹಿಂದಿರುಗಲಿಲ್ಲ. ಅಂದರೆ ವಿಚಿತ್ರವಾದ ಆಕಾರ ಹಾರಾಟಕ್ಕೆ ಅಡ್ಡಿಯಾದದ್ದರಿಂದ ಮರಳಿತೆಂದು ಹೇಳುವಂತಿಲ್ಲ. ಗಾತ್ರವನ್ನೂ ಆಕಾರವನ್ನೂ ಬೆಸೆಯುವ ಬೀಜಗುಣಗಳು ಮೈಯೊಳಗಿನ ಬೇರೆ ಯಾವುವೋ ಕಾರ್ಯಗಳಿಗೂ ಹೊಣೆಯಾಗಿರಬೇಕು. ಆ ಲೆಕ್ಕವನ್ನು ಕೆಡಿಸಿದರೆ ಅಲ್ಲಿ ಹಾನಿಯಾಗುತ್ತಿರಬೇಕು ಎಂದು ಅವರು ಊಹಿಸಿದ್ದಾರೆ. ಹೊರಗಿನಿಂದ ಯಾರೂ ಅಡ್ಡಿಮಾಡದಿದ್ದರೂ ಮನೆಯೊಳಗಿನ ಸಂಬಂಧಗಳೇ ಮನುಷ್ಯನನ್ನು ಹಿಡಿದು ನಿಲ್ಲಿಸುವುದನ್ನು ನಾವು ಕಂಡಿಲ್ಲವೆ?

ಈಗ ವಿದ್ಯಾರ್ಥಿಗೆ ಏನು ಹೇಳಬೇಕು? ನಾನು ಹೇಳುವುದು ಹೀಗೆ. ಚಳಿ ದೊಡ್ಡ ರೆಕ್ಕೆಯನ್ನು ಕೇಳುತ್ತದೆ. ಆ ಬೇಡಿಕೆ ಯೂರೋಪಿನಲ್ಲಿಯೂ ಒಂದೇ, ಅಮೆರಿಕದಲ್ಲಿಯೂ ಒಂದೇ. ಅಷ್ಟರಮಟ್ಟಿಗೆ ಚರಿತ್ರೆ ಮರಳಿ ನಡೆಯುವುದು. ಮುಂದಾಗುವುದನ್ನು ಹೇಳಲೂ ಬಹುದು. ಆದರೆ ಬೇಡಿಕೆಯನ್ನು ಯಾವ ರೀತಿಯಲ್ಲಿ ಪೂರೈಸಬೇಕೆಂಬುದು ಕೈಯಲ್ಲಿರುವ ಬಂಡವಾಳವನ್ನು ಅವಲಂಬಿಸಿದೆ. ರೇವಿನಲ್ಲಿ ಬಂದಿಳಿದ ಕೆಲವೇ ನೊಣಗಳು ತಂದ ಬೀಜಗುಣಗಳೇ ಅಲ್ಲಿಯ ಬಂಡವಾಳ. ಅದರಲ್ಲಿ ಆಕಸ್ಮಿಕಕ್ಕೆ ಎಡೆಯುಂಟು. ಇನ್ನು ಮೈಯ ಒಳಗಿನ ಕಟ್ಟುಪಾಡುಗಳು ಯಾವ ದಾರಿ ಹಿಡಿಯಬಹುದು, ಯಾವುದು ಹಿಡಿದರೂ ನಿಲ್ಲದು ಎಂಬುದಕ್ಕೆ ಎಲ್ಲೆ ಹಾಕುತ್ತವೆ. ನಿಯಮ, ಆಕಸ್ಮಿಕ, ಪರಂಪರೆ ಈ ಮೂರೂ ಸೇರಿದ ಹೊರತು ನೊಣದ ರೆಕ್ಕೆಯೂ ಆಗದು. ರಾಜ್ಯಗಳ ಚರಿತ್ರೆಯನ್ನು ಒಂದೇ ಕಾರಣದಿಂದ ವಿವರಿಸಲು ಹೊರಡುವವರು ಈ ಪುಟ್ಟ ಪ್ರಾಣಿಯಿಂದ ಕಲಿಯಬೇಕಾದದ್ದುಂಟು.

ಇದು ಬರಿಯ ಪಂಡಿತರ ವಿನೋದವೂ ಅಲ್ಲ. ೨೦೦೬ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ ಇದೇ ಸಬೋಬ್ಸ್ಕೂರ ನೊಣದ ೨೬ ನೆಲೆಗಳ ಹಳೆಯ ದಾಖಲೆಗಳನ್ನು ಹೊಸವುಗಳೊಡನೆ ಹೋಲಿಸಿದ್ದಾರೆ. ನೆಲೆಗಳು ಮೂರು ಖಂಡಗಳಿಗೆ ಸೇರಿದವು. ಆ ಅವಧಿಯಲ್ಲಿ ೨೨ ನೆಲೆಗಳಲ್ಲಿ ಹವೆ ಬಿಸಿಯಾಗಿತ್ತು. ಅವುಗಳಲ್ಲಿ ೨೧ರಲ್ಲಿ ಬೆಚ್ಚನೆಯ ನಾಡಿನ ನೊಣಗಳಿಗೆ ಸಹಜವಾದ ವರ್ಣತಂತುಗಳು ಹೆಚ್ಚಿದ್ದವು. ಜಗತ್ತು ಬಿಸಿಯಾಗುತ್ತಿದೆಯೆ ಎಂದು ಮನುಷ್ಯರು ವಾದಿಸುತ್ತಿದ್ದಾಗ ನೊಣವು ತನ್ನ ಸಾಕ್ಷ್ಯವನ್ನು ಬರೆದಿಟ್ಟಿತ್ತು. ಇಪ್ಪತ್ತು ವರ್ಷಗಳಲ್ಲಿ ಬದಲಾಗಬಲ್ಲ ಪ್ರಾಣಿ ಹೊಸ ಹವೆಗೆ ಹೇಗೋ ಹೊಂದಿಕೊಂಡೀತು. ನೂರು ವರ್ಷಕ್ಕೆ ಮೂರು ನಾಲ್ಕು ತಲೆಮಾರು ಮಾತ್ರ ಕಾಣುವ ಆನೆಯಂಥ ಪ್ರಾಣಿಗಳಿಗೆ ಆ ಸೌಕರ್ಯವಿಲ್ಲ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಿಶ್ವವಿದ್ಯಾನಿಲಯದವರು ಡ್ರೊಸೊಫಿಲ ತಳಿಗಳ ಸಂಗ್ರಹವೊಂದನ್ನು ಇರಿಸಿಕೊಂಡಿದ್ದಾರೆ. ಅವಕಾಶ ದೊರೆತವರು ಅಲ್ಲಿ ಒಮ್ಮೆ ಸೂಕ್ಷ್ಮದರ್ಶಕದ ಕೆಳಗೆ ಆ ರೆಕ್ಕೆಯನ್ನು ನೋಡಬೇಕು. ಅಷ್ಟು ದೂರ ಹೋಗಲಾಗದವರಿಗೆ ಒಂದು ಭೂತಕನ್ನಡಿಯೂ ಒಂದು ಕಳಿತ ಬಾಳೆಯಹಣ್ಣೂ ಸಾಕು. ಬುಡದಿಂದ ತುದಿಗೆ ಹರಿದ ನರಗಳೂ ನಡುವಿನ ಅಡ್ಡಗೆರೆಯೂ ಅದರಲ್ಲಿ ಕಾಣುತ್ತವೆ. ಎರಡು ಖಂಡಗಳ ಚರಿತ್ರೆ ಬೇರೆಯಾದದ್ದು ಆ ಗೆರೆಯ ಆಚೆ ಈಚೆ. ಅದನ್ನು ನೋಡಿದ ಮೇಲೆ, ನೊಣವನ್ನು ಓಡಿಸಲು ಎತ್ತಿದ ಕೈ ಒಂದು ಕ್ಷಣವಾದರೂ ತಡೆದು ನಿಂತರೆ ಈ ಭಾಷಣ ಸಾರ್ಥಕ.